ನಿಂತ ಲಾರಿಗೂ ಲಾಭದ ಲೆಕ್ಕ

1961ರ ಆದಾಯ ತೆರಿಗೆ ಕಾಯ್ದೆ ಮಾರ್ಚ್ 31ಕ್ಕೆ ತನ್ನ ದಿನ ಮುಗಿಸಿತು. 2026ರ ಏಪ್ರಿಲ್ 1ರಿಂದ ಹೊಸ ಕಾಯ್ದೆ ಜಾರಿಗೆ ಬಂದಿದೆ. ಹಳೆಯದರ ನೂರಾರು ಕಲಮುಗಳಲ್ಲಿ ಸಿಂಧನೂರು, ಮಸ್ಕಿ, ಲಿಂಗಸುಗೂರಿನ ಲಾರಿ ಮಾಲೀಕರ ಬದುಕನ್ನು ಮುಟ್ಟಿದ್ದು ಮುಖ್ಯವಾಗಿ ಒಂದೇ, 44ಎಇ. ಹೊಸ ಕಾಯ್ದೆಯಲ್ಲಿ ಅದರ ಸಂಖ್ಯೆ ಬದಲಾಗಿದೆ, ಗುಣ ಬದಲಾಗಿಲ್ಲ. ಹಾಗಾಗಿ ಮೂವತ್ತೆರಡು ವರ್ಷಗಳ ಲಾಭ-ನಷ್ಟ ಲೆಕ್ಕ ಹಾಕಲು ಇದು ತಕ್ಕ ಹೊತ್ತು.

1994ರಲ್ಲಿ ಬಂದ ಆ ಕಲಮು ಹತ್ತು ಗಾಡಿ ಮೀರದ ಮಾಲೀಕನಿಗೆ ದೊಡ್ಡ ಉಪಕಾರವನ್ನೇ ಮಾಡಿತು. ಕಿರ್ದಿ ಬೇಡ, ಖತಾವಣಿ ಬೇಡ, ಆಡಿಟ್ ಬೇಡ. ಗಾಡಿಗೆ ತಿಂಗಳಿಗೆ ಇಷ್ಟು ಲಾಭ ಎಂದು ಸರಕಾರವೇ ಹಿಡಿಯುತ್ತದೆ, ಅಷ್ಟು ತೋರಿಸಿದರೆ ಸಾಕು. ಆಗ ಭಾರಿ ಗಾಡಿಗೆ ತಿಂಗಳಿಗೆ 2,000 ರೂಪಾಯಿ. ಏರುತ್ತ ಏರುತ್ತ 2014ರ ಬಜೆಟ್ಟಿನಲ್ಲಿ ಚಿಕ್ಕದು ದೊಡ್ಡದೆನ್ನದೆ 7,500 ಆಯಿತು. ನಿಜವಾದ ಪೆಟ್ಟು ಬಿದ್ದದ್ದು 2018ರಲ್ಲಿ. 12 ಟನ್ ಮೀರಿದ ಗಾಡಿಗೆ ತಿಂಗಳಿಗೆ ಟನ್ನಿಗೆ ಸಾವಿರ ಎಂದಾಯಿತು. ಅದೇ ವರ್ಷ ಜುಲೈಯಲ್ಲಿ ಕೇಂದ್ರ ಆ್ಯಕ್ಸಲ್ ಭಾರದ ಮಿತಿಯನ್ನೂ ಏರಿಸಿತು. ಆರ್‌ಸಿಯಲ್ಲಿ 28.5 ಟನ್ ಎಂದಿರುವ ಹತ್ತು ಗಾಲಿಯ ಲಾರಿಗೆ ವರ್ಷಕ್ಕೆ 90 ಸಾವಿರ ಇದ್ದ ಲಾಭ ಕಾಗದದ ಮೇಲೆ 3 ಲಕ್ಷ 42 ಸಾವಿರವಾಯಿತು. ಬಾಡಿಗೆ ಹಾಗೆ ಏರಿತೇ? ಟ್ರಾನ್ಸ್‌ಪೋರ್ಟ್ ಆಫೀಸಿನ ಬೆಂಚಿನ ಮೇಲೆ ಕೂತವರನ್ನು ಕೇಳಿ ನೋಡಿ.

ಇಷ್ಟಾದರೂ ಒಂದೇ ಗಾಡಿಯವನು ತೆರಿಗೆ ಕಟ್ಟಬೇಕಿಲ್ಲ, ರಿಯಾಯಿತಿ ಅವನನ್ನು ಕಾಯುತ್ತದೆ. ಅವನಿಗೆ ರಿಟರ್ನ್ ಎಂದರೆ ಮುಂದಿನ ಲೋನಿನ ಕಾಗದ. ಹಿಂಸೆಯಾಗುವುದು ಹಲವು ಗಾಡಿ ಇಟ್ಟುಕೊಂಡವನಿಗೆ, ಅದೂ ಕೆಟ್ಟ ವರ್ಷದಲ್ಲಿ. ಏಕೆಂದರೆ ಈ ಲೆಕ್ಕ ಗಾಡಿ ಓಡಿದ ತಿಂಗಳಿಗಲ್ಲ, ಗಾಡಿ ನಿಮ್ಮ ಹೆಸರಲ್ಲಿದ್ದ ತಿಂಗಳಿಗೆ. ಕಂತು ಮುಗಿಯದ ಗಾಡಿಯೂ ನಿಮ್ಮದೇ.

ನಮ್ಮ ಭಾಗದಲ್ಲಿ ಇದು ಬರೀ ಮಾತಿನ ವಾದವಲ್ಲ. ಸಿಂಧನೂರಿನ ಲಾರಿ ನಿಂತಿರುವುದು ತುಂಗಭದ್ರಾ ಎಡದಂಡೆ ಕಾಲುವೆಯ ಮೇಲೆ. ಕಾಲುವೆಗೆ ನೀರು ಬಂದರೆ ಭತ್ತ, ಭತ್ತ ಬಂದರೆ ಮಿಲ್ಲು, ಮಿಲ್ಲು ತಿರುಗಿದರೆ ಲೋಡು. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಎಂದು ಘೋಷಣೆಯಾದವು, ಎರಡನೇ ಬೆಳೆಗೆ ನೀರಿರಲಿಲ್ಲ. ಆ ವರ್ಷ ಮೂರು ಹತ್ತುಗಾಲಿ ಇದ್ದವನ ಲಾಭ ಕಾಯ್ದೆಯ ಪ್ರಕಾರ 10 ಲಕ್ಷ 26 ಸಾವಿರ. ಹೊಸ ತೆರಿಗೆ ಪದ್ಧತಿಯ ಆಗಿನ ದರದಲ್ಲಿ ತೆರಿಗೆ 66 ಸಾವಿರ ಚಿಲ್ಲರೆ. ಗಾಡಿ ಮಿಲ್ಲಿನ ಮುಂದೆ ನೆರಳು ಹುಡುಕುತ್ತ ನಿಂತಿದ್ದರೂ ಅಷ್ಟೇ. 2024ರ ಆಗಸ್ಟ್ 10ರ ರಾತ್ರಿ ಅಣೆಕಟ್ಟೆಯ 19ನೇ ಗೇಟು ಕೊಚ್ಚಿಹೋಯಿತು. ಗೇಟುಗಳನ್ನೇ ಬದಲಿಸುವ ಕೆಲಸಕ್ಕಾಗಿ 2025-26ರಲ್ಲೂ ಎರಡನೇ ಬೆಳೆ ಇಲ್ಲವಾಯಿತು. ಇಲ್ಲೊಂದು ವಿಚಿತ್ರವಿದೆ. ಗಾಡಿ ಓಡಿಸುವುದಿಲ್ಲ ಎಂದು ಆರ್‌ಟಿಓಗೆ ಮುಂಚಿತವಾಗಿ ಬರೆದುಕೊಟ್ಟರೆ ರಾಜ್ಯ ಸರಕಾರ ರಸ್ತೆ ತೆರಿಗೆ ಬಿಡುತ್ತದೆ. ಅದೇ ಗಾಡಿ, ಅದೇ ತಿಂಗಳು, ಕೇಂದ್ರದ ಕಣ್ಣಿಗೆ ಮಾತ್ರ ದುಡಿಯುತ್ತಲೇ ಇರುತ್ತದೆ.

ಕಡಿಮೆ ಲಾಭ ತೋರಿಸಲು ದಾರಿ ಇಲ್ಲವೇ? ಇದೆ. ಪೂರ್ತಿ ಲೆಕ್ಕ ಇಡಬೇಕು, ಚಾರ್ಟರ್ಡ್ ಅಕೌಂಟೆಂಟರಿಂದ ಆಡಿಟ್ ಮಾಡಿಸಬೇಕು. ಮೂವತ್ತು ವರ್ಷ ಬರೆಯಬೇಡ ಎಂದು ಹೇಳಿಸಿಕೊಂಡವನು ಬರಗಾಲದ ಮಾರ್ಚಿನಲ್ಲಿ ಒಮ್ಮೆಲೇ ಎಲ್ಲಿಂದ ತರಬೇಕು? ಕ್ಯಾಬಿನ್ನಿನಲ್ಲಿ ಫೈನಾನ್ಸಿನವರು ಕೊಟ್ಟ ಡೈರಿ ಇರುತ್ತದೆ. ಪುಟಕ್ಕೊಂದು ಟ್ರಿಪ್ಪು: ಅಡ್ವಾನ್ಸ್, ಡೀಸೆಲ್, ಹಮಾಲಿ, ಡ್ರೈವರ್ ಬತ್ತೆ, ಪಂಕ್ಚರ್, ಕೊನೆಯಲ್ಲಿ ‘ಇತರೆ’. ಆಡಿಟರ್ ಬೆರಳು ಬಂದು ನಿಲ್ಲುವುದು ಅಲ್ಲೇ. ‘ಇತರೆ ಅಂದ್ರ ಏನ್ರೀ?’ ಅಂದರೆ ಮಾಲೀಕ ಫ್ಯಾನು ನೋಡುತ್ತಾನೆ. ಓವರ್‌ಲೋಡ್ ದಂಡ, ದಾರಿಯ ಮಾಮೂಲು, ಎರಡನ್ನೂ ಕಾಯ್ದೆ ಖರ್ಚೆಂದು ಒಪ್ಪುವುದಿಲ್ಲ. ಡೀಸೆಲ್ ಬಿಲ್ಲಿನದು ಇನ್ನೊಂದು ಗೋಳು. ಬಂಕಿನ ಆ ನುಣುಪು ಕಾಗದ ಡ್ಯಾಶ್‌ಬೋರ್ಡಿನ ಬಿಸಿಲಿಗೆ ಕೆಲವೇ ತಿಂಗಳಲ್ಲಿ ಬೆಳ್ಳಗಾಗುತ್ತದೆ. ಲೆಕ್ಕಪತ್ರ ಮಾತ್ರ ವರ್ಷಗಟ್ಟಲೆ ಇರಬೇಕು. ಅಶೋಕನ ಹೆಸರು ಬಂಡೆಯ ಮೇಲೆ ಉಳಿದ ಮಸ್ಕಿಯಲ್ಲಿ ಕಳೆದ ದೀಪಾವಳಿಯ ಡೀಸೆಲ್ ಬಿಲ್ಲು ಓದಲಾಗುವುದಿಲ್ಲ.

ಲೆಕ್ಕ ಬೇಡ ಎಂದ ಕಲಮು ಒಂದು ಕಡೆ ಸುಮ್ಮನೆ ಲೆಕ್ಕ ಇಡುತ್ತಲೇ ಬಂದಿದೆ. ಸವಕಳಿಯನ್ನು ನೀವು ಕಳೆಯದಿದ್ದರೂ ವರ್ಷಕ್ಕೆ ಶೇ. 30ರಂತೆ ಕಳೆದಂತೆಯೇ ಎಂದು ಅದು ಹಿಡಿಯುತ್ತದೆ. 30 ಲಕ್ಷದ ಲಾರಿ ನಾಲ್ಕು ವರ್ಷಕ್ಕೆ ಕಾಗದದಲ್ಲಿ 7 ಲಕ್ಷ 20 ಸಾವಿರಕ್ಕೆ ಇಳಿದಿರುತ್ತದೆ. ಕಂತು ಕಟ್ಟಲಾಗದೆ 14 ಲಕ್ಷಕ್ಕೆ ಮಾರಿದಿರಿ ಎನ್ನಿ. ಬೇರೆ ಗಾಡಿ ಇಲ್ಲದಿದ್ದರೆ, ಅದೇ ವರ್ಷ ಇನ್ನೊಂದು ಕೊಳ್ಳದಿದ್ದರೆ, 6 ಲಕ್ಷ 80 ಸಾವಿರ ನಿಮಗೆ ಬಂದ ಲಾಭ. ಅರ್ಧ ಬೆಲೆಗೆ ಗಾಡಿ ಕಳೆದುಕೊಂಡವನಿಗೆ ಈ ಮಾತು ತಿಳಿಸಿ ಹೇಳುವುದು ಸುಲಭವಲ್ಲ.

ಇತ್ತ ಸರಕಾರದ ಬಳಿ ಗಾಡಿಯ ಜಾತಕವೇ ಇದೆ. 2018ರ ಏಪ್ರಿಲ್‌ನಿಂದ ಇ-ವೇ ಬಿಲ್ಲಿನಲ್ಲಿ ಗಾಡಿ ನಂಬರು, 2021ರ ಫೆಬ್ರುವರಿಯಿಂದ ಟೋಲಿನಲ್ಲಿ ಕಡ್ಡಾಯ ಫಾಸ್ಟ್ಯಾಗ್. ಎರಡನ್ನೂ ಜೋಡಿಸಿಯೂ ಆಗಿದೆ. 2025ರ ಜುಲೈಯಲ್ಲಿ ಯುಪಿಐ ಜಮೆ ನೋಡಿ ಸಣ್ಣ ವ್ಯಾಪಾರಿಗಳಿಗೆ ಜಿಎಸ್‌ಟಿ ನೋಟಿಸ್ ಹೋದಾಗ ಫೋನ್‌ಪೇ ಎಂದರೆ ಬೆಚ್ಚುವಂತಾಗಿತ್ತು. ಲಾರಿಯವನು ಬೆಚ್ಚಬೇಕಿಲ್ಲ: ತಾನೇ ಬಿಲ್ಟಿ ಹರಿಯದೆ ಬರೀ ಗಾಡಿ ಓಡಿಸುವವನ ಬಾಡಿಗೆಗೆ ಜಿಎಸ್‌ಟಿ ಇಲ್ಲ. ನಗದಿನ ಹಟವೇ ಅವನಿಗೆ ಹೆಚ್ಚು ಅಪಾಯ, ಖರ್ಚೂ ಆದಾಯವೂ ಎರಡೂ ಸಾಕ್ಷಿ ಕಳೆದುಕೊಳ್ಳುತ್ತವೆ.

ನಮ್ಮ ತಕರಾರು ಇಷ್ಟೆ. ಓಡಿದ್ದಕ್ಕೆ ಫಾಸ್ಟ್ಯಾಗ್ ಸಾಕ್ಷಿಯಾಗುವುದಾದರೆ ನಿಂತಿದ್ದಕ್ಕೂ ಅದೇ ಸಾಕ್ಷಿಯಾಗಬೇಕು. ಮೂರು ತಿಂಗಳು ಟೋಲ್ ಇಲ್ಲ, ಇ-ವೇ ಬಿಲ್ಲಿಲ್ಲ, ಆರ್‌ಟಿಓಗೆ ಬರೆದುಕೊಟ್ಟ ಸ್ವೀಕೃತಿ ಇದೆ ಎಂದಾದರೆ ಆ ತಿಂಗಳುಗಳನ್ನು ಆಡಿಟ್ ಇಲ್ಲದೆಯೇ ಬಿಡಬಹುದು. 2025ರ ಏಪ್ರಿಲ್‌ನಲ್ಲಿ ಡೀಸೆಲ್ ತೆರಿಗೆ, ಟೋಲ್ ವಿರುದ್ಧ ರಾಜ್ಯದ ಲಾರಿಗಳು ಮುಷ್ಕರ ಹೂಡಿದ್ದವು. ಮುಂದಿನ ಮನವಿಯಲ್ಲಿ ಸಂಘಗಳು ಈ ಸಾಲನ್ನೂ ಸೇರಿಸಲಿ. ಅಲ್ಲಿಯವರೆಗೆ ಮಾಲೀಕರು ಡೀಸೆಲ್ ಬಿಲ್ಲುಗಳನ್ನು ಅವತ್ತೇ ಮೊಬೈಲಿನಲ್ಲಿ ಫೋಟೊ ತೆಗೆದಿಡಲಿ, ಬಾಡಿಗೆಯನ್ನು ಮನೆಖರ್ಚಿನದಲ್ಲದ ಬೇರೆ ಖಾತೆಗೇ ಹಾಕಿಸಿಕೊಳ್ಳಲಿ, ಗಾಡಿ ನಿಲ್ಲಿಸುವ ಮುಂಚೆ ರಾಯಚೂರಿನ ಆರ್‌ಟಿಓಗೆ ಅರ್ಜಿ ಕೊಡುವುದನ್ನು ಮರೆಯದಿರಲಿ.