ಗರಗಸಕ್ಕೂ ಒಂದು ಶ್ರುತಿ

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಕಡೆಯ ಮಕ್ಕಳು ತೆಂಗಿನ ಚಿಪ್ಪನ್ನು ಹುಡುಕಿಕೊಂಡು ಹೋಗಬೇಕಿಲ್ಲ. ಅಟ್ಟದಲ್ಲಿ ತಿಂಗಳುಗಟ್ಟಲೆ ಒಣಗಿದ ಕಾಯಿ ಸುಲಿದು ಉಂಡೆ ಕೊಬ್ಬರಿ ಬಿಡಿಸಿದ ದಿನ ಹಿತ್ತಲ ತುಂಬ ಚಿಪ್ಪಿನ ರಾಶಿ. ಅದರಲ್ಲಿ ಅಂಗೈಯಗಲದ ಒಂದು ಚೂರು ಎತ್ತಿಟ್ಟುಕೊಳ್ಳಿ. ಈ ವಾರ ಬೀಗದ ಕೈಗೆ ಕಟ್ಟುವ ಮೀನು ಮಾಡೋಣ.

ಬಾಗಿದ ಗೆರೆ ಕೊಯ್ಯಲು ಫ್ರೆಟ್ ಗರಗಸ ಬೇಕು: ಬಿಲ್ಲಿನಂಥ ಕಬ್ಬಿಣದ ಚೌಕಟ್ಟು, ಹೆದೆಯ ಜಾಗದಲ್ಲಿ ತೆಳ್ಳನೆಯ ಅಲಗು. ಮೈಸೂರಿನ ಬೀಟೆ ಮರದ ಇನ್‌ಲೇ ಕೆಲಸದವರು ಮರದ ತೆಳು ಹಾಳೆಯಲ್ಲಿ ಆನೆ, ಹೂಬಳ್ಳಿ ಕೊಯ್ಯುವುದೂ ಇಂಥದ್ದರಲ್ಲೇ. ಕರೆಂಟಿನಲ್ಲಿ ಓಡುವ ಇದರ ಅಣ್ಣನೇ ಸ್ಕ್ರೋಲ್ ಸಾ. ಗುಂಡು ಚಿಪ್ಪು ಅದರ ಮೇಜಿನ ಮೇಲೆ ಅಲುಗಾಡಿ ಎಗರಬಹುದು, ಬೆರಳಿಗೆ ಅಪಾಯ. ಮಕ್ಕಳಿಗೆ ಕೈಗರಗಸವೇ ಸರಿ.

ಅಲಗು ಸಡಿಲವಿದ್ದರೆ ಗೆರೆ ಬಿಟ್ಟು ಅಡ್ಡಾಡುತ್ತದೆ, ಬಾಗಿ ಮುರಿಯುತ್ತದೆ. ಅತಿ ಬಿಗಿಯಾದರೂ ಪಟ್ಟೆಂದು ತುಂಡಾಗುತ್ತದೆ. ಹದ ಹೀಗೆ:

1. ಅಲಗಿನ ಹಲ್ಲು ಹಿಡಿಯ ಕಡೆ, ಅಂದರೆ ಕೆಳಮುಖವಾಗಿರಲಿ. ಬೆರಳಿನಿಂದ ಹುಷಾರಾಗಿ ಸವರಿದರೆ ತಿಳಿಯುತ್ತದೆ.

2. ಮೇಲ್ತುದಿಯನ್ನು ತಿರುಪಿನಲ್ಲಿ ಬಿಗಿಯಿರಿ.

3. ಚೌಕಟ್ಟಿನ ಮೇಲ್ತುದಿಯನ್ನು ಮೇಜಿನ ಅಂಚಿಗೆ ಆನಿಸಿ, ಅಜ್ಜ ಹಿಡಿಯನ್ನು ಎದೆಯಿಂದ ತುಸು ಒತ್ತಲಿ. ಮೊಮ್ಮಗ ಅಥವಾ ಮೊಮ್ಮಗಳು ಕೆಳಗಿನ ತಿರುಪು ಬಿಗಿಯಲಿ. ಒತ್ತಡ ಬಿಟ್ಟೊಡನೆ ಚೌಕಟ್ಟೇ ಹಿಂದಕ್ಕೆ ಚಿಮ್ಮಿ ಅಲಗನ್ನು ಎಳೆದು ಹಿಡಿಯುತ್ತದೆ.

4. ಹಲ್ಲಿಲ್ಲದ ಬೆನ್ನಿನ ಕಡೆ ಉಗುರಿನಿಂದ ಮೀಟಿ. ತಂಬೂರಿ ತಂತಿಯಂತೆ ‘ಟಿಣ್’ ಎಂದರೆ ಹದ. ‘ದಬ್’ ಎಂದರೆ ಇನ್ನೂ ಸಡಿಲ.

ಮೀನಿನ ಹೊಟ್ಟೆಯಲ್ಲಿ ಅರ್ಧಚಂದ್ರದ ಕಿಂಡಿ ಬೇಕೆ? ಮೊದಲು ಅಲ್ಲೊಂದು ತೂತು ಕೊರೆದು, ಅಲಗಿನ ಒಂದು ತುದಿ ಬಿಚ್ಚಿ, ತೂತಿನೊಳಗೆ ಪೋಣಿಸಿ, ಮತ್ತೆ ಬಿಗಿದು ಮೀಟಿ ನೋಡಬೇಕು.

ಕೊಯ್ಯುವಾಗ ಗರಗಸವನ್ನು ನೆಟ್ಟಗೆ ಹಿಡಿದು, ಅವಸರವಿಲ್ಲದೆ ಎಳೆಯಿರಿ. ತಿರುವಿನಲ್ಲಿ ಚಿಪ್ಪನ್ನು ತಿರುಗಿಸಿ. ಚಿಪ್ಪು ಬಲು ಗಟ್ಟಿ, ಅಲಗು ಬೇಗ ಮೊಂಡಾಗುತ್ತದೆ. ಒತ್ತಿದರಷ್ಟೇ ಕೊಯ್ಯುತ್ತಿದೆ ಅನ್ನಿಸಿದರೆ ಬದಲಾಯಿಸಿಬಿಡಿ. ಬಲ ಹಾಕಿದರೆ ಜಾರುವುದು ಬೆರಳಿನ ಮೇಲೆಯೇ. ಮೂಗಿಗೆ ಬಟ್ಟೆ ಕಟ್ಟಿಕೊಳ್ಳಿ, ಪುಡಿ ಒಳಗೆ ಹೋಗಬಾರದು.

ಮುರಿದ ಅಲಗನ್ನು ಕಾಗದದಲ್ಲಿ ಸುತ್ತಿ ಡಬ್ಬಿಗೆ ಹಾಕಿ. ಅಂಗಳಕ್ಕೆ ಎಸೆದರೆ ಬರಿಗಾಲಿಗೆ ಚುಚ್ಚುತ್ತದೆ, ಕೋಳಿ ಕುಕ್ಕುತ್ತದೆ. ಕೆಲಸ ಮುಗಿದ ಮೇಲೆ ಅಲಗನ್ನು ಸಡಿಲಿಸಿಡಿ. ಇನ್ನು ಮೀನನ್ನು ಉಪ್ಪುಕಾಗದದಲ್ಲಿ ನುಣುಪಾಗಿಸಿ ಎರಡು ತೊಟ್ಟು ಕೊಬ್ಬರಿ ಎಣ್ಣೆ ಸವರಿ. ಕಪ್ಪು ಹೊಳಪು ತಾನಾಗಿ ಬರುತ್ತದೆ.