ಲಂಕೆಯ ಪುಷ್ಪಕ ವಿಮಾನ

ಕಾಶಿಗೆ ಹೋದ ಎಷ್ಟೋ ಜನ ಲಂಕೆಯನ್ನೂ ನೋಡಿಯೇ ಬಂದಿರುತ್ತಾರೆ. ಅದು ಲಂಕೆ ಎಂದು ಗೊತ್ತಿರುವುದಿಲ್ಲ, ಅಷ್ಟೇ. ಬನಾರಸ್ ಹಿಂದೂ ವಿಶ್ವವಿದ್ಯಾಲಯದ ಸಿಂಹದ್ವಾರದ ಎದುರು, ಮಾಳವೀಯರ ಪ್ರತಿಮೆಯ ಸುತ್ತ ಇರುವ ಆ ಗದ್ದಲದ ಚೌಕದ ಹೆಸರು ಲಂಕಾ. ಅಸ್ಸಿಯ ರಾಮಲೀಲೆಯಲ್ಲಿ ಲಂಕೆಯ ಪ್ರಸಂಗಗಳನ್ನು ಆಡುತ್ತಿದ್ದ ಜಾಗವಾದ್ದರಿಂದ ಈ ಹೆಸರು ಬಂತು ಎನ್ನುತ್ತಾರೆ. ರಾವಣನ ಊರು ಅಂದಮೇಲೆ ಪುಷ್ಪಕ ವಿಮಾನವೂ ಇರಬೇಕಲ್ಲ? ಇದೆ. ಎಷ್ಟು ಜನ ಹತ್ತಿದರೂ ಇನ್ನೊಬ್ಬರಿಗೆ ಜಾಗ ಉಳಿಯುವುದು ಪುಷ್ಪಕದ ಗುಣ ಎಂದು ನಮ್ಮಜ್ಜಿ ಹೇಳುತ್ತಿದ್ದರು. ಲಂಕೆಯ ಇ-ರಿಕ್ಷಾಗಳಿಗೂ ಅದೇ ಗುಣ.

ಅಮ್ಮನನ್ನು ಕಾಶಿ ಯಾತ್ರೆಗೆ ಕರೆದುಕೊಂಡು ಹೋದಾಗ ನಾವು ಉಳಿದಿದ್ದು ಈ ಚೌಕದ ಹತ್ತಿರ. ಅಮ್ಮನಿಗೆ ಮೊಣಕಾಲು ನೋವು. ಕಾರಿಗಾಗಿ ಆ್ಯಪ್‌ ತೆರೆದರೆ ಕಾರು ಅರ್ಧ ಕಿಲೋಮೀಟರ್ ಆಚೆ ಕದಲದೆ ನಿಂತಿರುವುದು ಕಾಣಿಸುತ್ತಿತ್ತು. ಅಷ್ಟರಲ್ಲಿ ನಾಲ್ಕು ಇ-ರಿಕ್ಷಾಗಳು ನಮ್ಮ ಮುಂದೆ ನಿಂತು, "ಅಸ್ಸಿ? ಗೋದೌಲಿಯಾ?" ಎಂದು ಕೇಳಿ ಹೋಗಿರುತ್ತಿದ್ದವು. ಅದರ ಹಲಗೆ ನೆಲಕ್ಕೆ ಹತ್ತಿರ, ಹತ್ತಲು ಮೊಣಕಾಲು ಮಡಚಬೇಕಾಗಿಲ್ಲ. ಮೂರನೇ ದಿನ ಅಮ್ಮ, "ನಮ್ಮೂರಲ್ಲಿ ಇದು ಯಾಕಿಲ್ಲ?" ಅಂದರು. ಆ ಪ್ರಶ್ನೆಗೆ ಉತ್ತರ ಹುಡುಕುತ್ತಾ ಹೋದಾಗ ಮೋಟಾರು ವಾಹನದ ಚರಿತ್ರೆಯನ್ನೇ ನಾವು ತಪ್ಪಾಗಿ ಓದಿಕೊಂಡಿದ್ದೇವೆ ಅನ್ನಿಸಿತು.

ಶಾಲೆಯಲ್ಲಿ ಕಲಿತ ಚರಿತ್ರೆ ನೇರವಾಗಿದೆ. 1886ರಲ್ಲಿ ಜರ್ಮನಿಯ ಕಾರ್ಲ್ ಬೆಂಜ್ ಮೂರು ಚಕ್ರದ ಪೆಟ್ರೋಲ್ ಬಂಡಿಗೆ ಪೇಟೆಂಟ್ ಪಡೆದ. 1908ರಲ್ಲಿ ಹೆನ್ರಿ ಫೋರ್ಡ್ ಮಾಡೆಲ್ ಟಿ ತಂದ. ಆಮೇಲೆ ಎಂಜಿನ್ ದೊಡ್ಡದಾಯಿತು, ವೇಗ ಹೆಚ್ಚಿತು, ಈಗ ವಿದ್ಯುತ್ ಕಾರು ಬಂದಿದೆ. ಅಂದರೆ ವಿದ್ಯುತ್ ಇವತ್ತಿನ ಹೊಸ ಅಧ್ಯಾಯ.

ವಾಸ್ತವದಲ್ಲಿ ವಿದ್ಯುತ್ ಮೊದಲ ಅಧ್ಯಾಯದಲ್ಲೇ ಇತ್ತು. ಮರುಪೂರಣ ಮಾಡಬಹುದಾದ ಸೀಸದ ಬ್ಯಾಟರಿಯನ್ನು ಫ್ರಾನ್ಸಿನ ಗಾಸ್ಟನ್ ಪ್ಲಾಂಟೆ ರೂಪಿಸಿದ್ದು 1859ರಲ್ಲಿ, ಬೆಂಜ್‌ನ ಬಂಡಿಗಿಂತ 27 ವರ್ಷ ಮೊದಲು. ಗಂಟೆಗೆ 100 ಕಿಲೋಮೀಟರ್ ವೇಗವನ್ನು ದಾಟಿದ ಮೊದಲ ಕಾರು ವಿದ್ಯುತ್ತಿನದು. 1899ರಲ್ಲಿ ಬೆಲ್ಜಿಯಂನ ಕಮೀಲ್ ಜೆನಾಟ್ಸಿ ಅದನ್ನು ಓಡಿಸಿದ. 1900ರಲ್ಲಿ ಅಮೆರಿಕದಲ್ಲಿ ತಯಾರಾದ ಸುಮಾರು 4,200 ಕಾರುಗಳಲ್ಲಿ 1,681 ಹಬೆಯವು, 1,575 ವಿದ್ಯುತ್ತಿನವು. ಪೆಟ್ರೋಲಿನವು 936, ಅಂದರೆ ಮೂರನೇ ಸ್ಥಾನ.

ಹಾಗಾದರೆ ಪೆಟ್ರೋಲ್ ಗೆದ್ದದ್ದು ಹೇಗೆ? 1901ರಲ್ಲಿ ಟೆಕ್ಸಾಸ್‌ನಲ್ಲಿ ತೈಲದ ಬುಗ್ಗೆ ಚಿಮ್ಮಿತು. ಫೋರ್ಡ್ ಬೆಲೆ ಇಳಿಸಿದ. ಕೈಮುರಿಯುವಂಥ ಹ್ಯಾಂಡಲ್ ತಿರುಗಿಸಿ ಎಂಜಿನ್ ಚಾಲೂ ಮಾಡುವ ಕಷ್ಟವನ್ನು 1912ರ ಕ್ಯಾಡಿಲಾಕ್‌ನಲ್ಲಿ ಬಂದ ಸೆಲ್ಫ್ ಸ್ಟಾರ್ಟರ್ ತಪ್ಪಿಸಿತು. ಅದನ್ನು ತಿರುಗಿಸಿದ್ದು ಒಂದು ಪುಟ್ಟ ವಿದ್ಯುತ್ ಮೋಟಾರು. ವಿದ್ಯುತ್ ಕಾರನ್ನು ಮೂಲೆಗೆ ತಳ್ಳಲು ವಿದ್ಯುತ್ತೇ ನೆರವಾಯಿತು!

ಇವೆಲ್ಲ ಯಂತ್ರದ ಕಾರಣಗಳು. ಇವಕ್ಕಿಂತ ದೊಡ್ಡ ಕಾರಣ ರಸ್ತೆಯಲ್ಲಿತ್ತು. ಕಾರಿಗಾಗಿ ಊರುಗಳನ್ನೇ ತಿರುಗಿಸಿ ಕಟ್ಟಿದರು. ಅದುವರೆಗೆ ಬೀದಿ ಎಲ್ಲರದಾಗಿತ್ತು. ಮಕ್ಕಳು ಅಲ್ಲೇ ಆಡುತ್ತಿದ್ದರು, ಅಲ್ಲೇ ವ್ಯಾಪಾರವೂ ನಡೆಯುತ್ತಿತ್ತು. 1920ರ ದಶಕದಲ್ಲಿ ಅಮೆರಿಕದ ಮೋಟಾರು ಹಿತಾಸಕ್ತಿಗಳು 'ಜೇವಾಕಿಂಗ್' ಎಂಬ ಬೈಗುಳವನ್ನು ಪ್ರಚಾರಕ್ಕೆ ತಂದು, ರಸ್ತೆ ದಾಟುವ ಮನುಷ್ಯನನ್ನೇ ತಪ್ಪಿತಸ್ಥನನ್ನಾಗಿ ಮಾಡಿದವು. ಕಾರು ರಸ್ತೆಗೆ ಹೊಂದಿಕೊಳ್ಳಲಿಲ್ಲ, ರಸ್ತೆ ಕಾರಿಗೆ ಹೊಂದಿಕೊಂಡಿತು. ಗೆದ್ದ ಮೇಲೆ ಇದನ್ನೇ ಪ್ರಗತಿ ಎಂದು ಬರೆದುಕೊಂಡೆವು.

ಈಗ ನಮ್ಮೂರಿಗೆ ಬರೋಣ. 2001ರಲ್ಲಿ ಬೆಂಗಳೂರಿನಲ್ಲಿ ಚೇತನ್ ಮೈನಿ ಅವರ ರೇವಾ ಕಾರು ಮಾರುಕಟ್ಟೆಗೆ ಬಂತು. 6 ವೋಲ್ಟಿನ ಎಂಟು ಸೀಸದ ಬ್ಯಾಟರಿ, ಒಟ್ಟು 48 ವೋಲ್ಟ್. ಒಮ್ಮೆ ಚಾರ್ಜ್ ಮಾಡಿದರೆ ಸುಮಾರು 80 ಕಿಲೋಮೀಟರ್. ಲಂಡನ್ನಿನವರು ಜಿ-ವಿಜ್ ಎಂಬ ಹೆಸರಲ್ಲಿ ಅದನ್ನು ಕೊಂಡು, ಅಲ್ಲಿನ ದಟ್ಟಣೆ ಶುಲ್ಕದಿಂದ ವಿನಾಯಿತಿ ಪಡೆದು ಓಡಾಡಿದರು. ನಾವೋ, ಆಟಿಕೆ ಎಂದು ನಕ್ಕೆವು. 2010ರಲ್ಲಿ ಕಂಪನಿ ಮಹೀಂದ್ರಾ ತೆಕ್ಕೆಗೆ ಹೋಯಿತು.

ಲಂಕೆಯ ಇ-ರಿಕ್ಷಾದ ಸೀಟು ಎತ್ತಿ ನೋಡಿದರೆ 12 ವೋಲ್ಟಿನ ನಾಲ್ಕು ಸೀಸದ ಬ್ಯಾಟರಿ. ಅದೂ 48 ವೋಲ್ಟೇ! ಪ್ಲಾಂಟೆಯ ಅದೇ ಹಳೆಯ ರಸಾಯನ. ಬೆಂಗಳೂರಿನ ಬುದ್ಧಿವಂತ ಕಾರಿಗೆ ದಕ್ಕದ ಬೀದಿ ಈ ತಗಡಿನ ಬಂಡಿಗೆ ಹೇಗೆ ದಕ್ಕಿತು? ನನಗೆ ಕಾಣುವ ಉತ್ತರ ಇಷ್ಟು: ರೇವಾ ಕಾರಾಗಲು ಹೊರಟಿತ್ತು. ಆದ್ದರಿಂದ ಜನ ಅದನ್ನು ಕಾರಿನ ಪಕ್ಕ ನಿಲ್ಲಿಸಿ ಅಳೆದರು, ಅದು ಸೋತಿತು. ಇ-ರಿಕ್ಷಾಕ್ಕೆ ಕಾರಾಗುವ ಆಸೆ ಇರಲಿಲ್ಲ. ಅದನ್ನು ಅಳೆದದ್ದು ಸೈಕಲ್ ರಿಕ್ಷಾದ ಪಕ್ಕ ನಿಲ್ಲಿಸಿ. ಆ ಬಂಡಿಯ ಎಂಜಿನ್ ಮನುಷ್ಯನ ಮೊಣಕಾಲು.

ಲಂಕೆಯಲ್ಲಿ ನಮ್ಮನ್ನು ಎರಡು ಮೂರು ಸಲ ಕರೆದೊಯ್ದ ಚಾಲಕ ಹದಿನೆಂಟು ವರ್ಷ ಪೆಡಲ್ ತುಳಿದವನು. ಅಮ್ಮನ ಮೊಣಕಾಲಿನ ಕಥೆ ಕೇಳಿ ನಕ್ಕು, ತನ್ನ ಪ್ಯಾಂಟು ಮೇಲೆತ್ತಿ ಊದಿದ ಕೀಲು ತೋರಿಸಿದ. ಅವನಿಗೆ ವಿದ್ಯುತ್ ಮೋಟಾರು ಪರಿಸರದ ವಿಷಯ ಅಲ್ಲವೇ ಅಲ್ಲ. ತಾನು ಇನ್ನು ಎಂಜಿನ್ ಅಲ್ಲ, ಚಾಲಕ ಎನ್ನುವುದೇ ಅವನಿಗೆ ಮುಖ್ಯ. ಮೋಟಾರು ಚರಿತ್ರೆಯಲ್ಲಿ ಇದಕ್ಕಿಂತ ದೊಡ್ಡ ಜಿಗಿತ ಯಾವುದಿದೆಯೋ ನನಗೆ ಕಾಣುವುದಿಲ್ಲ.

ಈ ಬಂಡಿಗಳು ಕಾನೂನನ್ನು ಕೇಳಿ ಬಂದವಲ್ಲ. ಮೊದಲು ಬೀದಿಗಿಳಿದವು, ಆಮೇಲೆ ಕಾನೂನು ಓಡೋಡಿ ಬಂತು. 2014ರ ಜುಲೈನಲ್ಲಿ ದಿಲ್ಲಿ ಹೈಕೋರ್ಟ್ ಅಲ್ಲಿನ ಇ-ರಿಕ್ಷಾಗಳನ್ನು ನಿಲ್ಲಿಸಿತು. ಅಕ್ಟೋಬರಿನಲ್ಲಿ ಕೇಂದ್ರ ನಿಯಮ ಮಾಡಿತು, 2015ರಲ್ಲಿ ಮೋಟಾರು ವಾಹನ ಕಾಯಿದೆಗೇ ತಿದ್ದುಪಡಿಯಾಯಿತು. ನಾಲ್ಕು ಪ್ರಯಾಣಿಕರು, ಗರಿಷ್ಠ ವೇಗ ಗಂಟೆಗೆ 25 ಕಿಲೋಮೀಟರ್, ಉದ್ದ 2.8 ಮೀಟರ್, ಅಗಲ 1 ಮೀಟರ್ ಮೀರಬಾರದು.

ಈ ಕೊನೆಯ ಎರಡು ಅಂಕಿಗಳನ್ನು ಗಮನಿಸಿ. ನಮ್ಮ ತೆರಿಗೆ ಲೆಕ್ಕದಲ್ಲಿ 'ಸಣ್ಣ ಕಾರು' ಅಂದರೆ 4 ಮೀಟರಿನೊಳಗಿನದು. ಅದರ ಅಗಲ 1.7 ಮೀಟರ್ ಎಂದುಕೊಂಡರೆ ನಿಂತ ಜಾಗ 6.8 ಚದರ ಮೀಟರ್. ಒಳಗೆ ಇಬ್ಬರಿದ್ದರೆ ತಲಾ 3.4. ಇ-ರಿಕ್ಷಾ ಹಿಡಿಯುವುದು 2.8 ಚದರ ಮೀಟರ್, ಚಾಲಕ ಸೇರಿ ಐದು ಜನರಿಗೆ ತಲಾ 0.56. ಸುಮಾರು ಆರು ಪಟ್ಟು ವ್ಯತ್ಯಾಸ. ಆ ಕಾರು ಡೀಸೆಲ್ ಬಿಟ್ಟು ವಿದ್ಯುತ್ತಿಗೆ ಬಂದರೂ ಈ ಲೆಕ್ಕದಲ್ಲಿ ಒಂದು ಅಂಗುಲವೂ ಬದಲಾಗುವುದಿಲ್ಲ. ನಾವೆಲ್ಲ ಇಂಧನದ ಬಗ್ಗೆ ಜಗಳವಾಡುತ್ತಿದ್ದೇವೆ. ಊರಿನೊಳಗೆ ನಿಜವಾದ ಜಗಳ ಇರುವುದು ಜಾಗದ ಬಗ್ಗೆ.

ಆ ಜಗಳ ಲಂಕೆಯಲ್ಲಿ ಕಣ್ಣಿಗೆ ಕಾಣುವಂತೆ ನಡೆದಿದೆ. ಲಹರತಾರಾದಿಂದ ಭೇಲೂಪುರದ ವಿಜಯಾ ಚಿತ್ರಮಂದಿರದ ಕಡೆಗೆ ಹೋಗುವ ರಸ್ತೆಯನ್ನು ನಾಲ್ಕು ಪಥ ಮಾಡುವ ಯೋಜನೆಗಾಗಿ 2025ರ ಜೂನ್‌ನಲ್ಲಿ ರವಿದಾಸ್ ಗೇಟ್ ಬಳಿಯ ಅಂಗಡಿಗಳನ್ನು ಬುಲ್ಡೋಜರ್ ಕೆಡವಿತು. ಅವುಗಳಲ್ಲಿ ಪಹಲ್ವಾನ್ ಲಸ್ಸಿ ಇತ್ತು. ಸುಮಾರು ನೂರು ವರ್ಷದ್ದೆಂದು ಹೆಸರಾಗಿದ್ದ ಚಾಚಿಯ ಕಚೋರಿ ಅಂಗಡಿಯೂ ಇತ್ತು. ಬಿಎಚ್‌ಯುನಲ್ಲಿ ಓದಿದ ತಲೆಮಾರುಗಳು ಅಲ್ಲಿ ಮಣ್ಣಿನ ಕುಡಿಕೆಯಲ್ಲಿ ಲಸ್ಸಿ ಕುಡಿದಿವೆ, ಚಾಚಿಯ ಬೈಗುಳದ ಜೊತೆ ಕಚೋರಿ ತಿಂದಿವೆ. ಆ ವಿಶ್ವವಿದ್ಯಾಲಯದ ಮೊದಲ ಕುಲಾಧಿಪತಿ ನಮ್ಮ ನಾಲ್ವಡಿ ಕೃಷ್ಣರಾಜ ಒಡೆಯರು. ಅಲ್ಲಿ ಓದಿ ಬಂದ ಕನ್ನಡಿಗರನ್ನು ಕೇಳಿದರೆ, ತರಗತಿಗಿಂತ ಮೊದಲು ಅವರಿಗೆ ನೆನಪಾಗುವುದು ಈ ಅಂಗಡಿಗಳು.

ರಸ್ತೆ ಅಗಲ ಮಾಡುವವರ ವಾದವನ್ನೂ ಕೇಳಬೇಕು. ಲಂಕೆಯಲ್ಲಿ ಸರ್ ಸುಂದರಲಾಲ್ ಆಸ್ಪತ್ರೆ ಇದೆ, ಟ್ರಾಮಾ ಸೆಂಟರ್ ಇದೆ. ಪೂರ್ವ ಉತ್ತರ ಪ್ರದೇಶ, ಬಿಹಾರದ ರೋಗಿಗಳು ಅಲ್ಲಿಗೇ ಬರಬೇಕು. ಆಂಬುಲೆನ್ಸ್ ದಟ್ಟಣೆಯಲ್ಲಿ ಸಿಕ್ಕಿಕೊಂಡು ಕೂಗುವುದನ್ನು ಕೇಳಿದವರು ಯಾರೂ ಲಸ್ಸಿಯ ಪರ ವಾದ ಮಾಡಲಾರರು. ನಾನೂ ಮಾಡುವುದಿಲ್ಲ. ನನ್ನ ಪ್ರಶ್ನೆ ಬೇರೆ. ಅಂಗಡಿ ಕೆಡವಿ ಸಂಪಾದಿಸಿದ ಆ ನೆಲ ಆಂಬುಲೆನ್ಸಿಗೆ, ಬಸ್ಸಿಗೆ, ಇ-ರಿಕ್ಷಾ ನಿಲ್ದಾಣಕ್ಕೆ ಎಂದು ಗೆರೆ ಹಾಕಿ ಕೊಟ್ಟರೆ ಆ ತ್ಯಾಗಕ್ಕೆ ಅರ್ಥವಿದೆ. ಸುಮ್ಮನೆ ಬಿಟ್ಟರೆ ಅದನ್ನು ತುಂಬುವುದು ಇಬ್ಬರನ್ನು ಹೊತ್ತ ಕಾರು, ಇಲ್ಲವೇ ಒಬ್ಬರನ್ನೂ ಹೊರದೆ ನಿಂತ ಕಾರು. ಆಗ ಆಂಬುಲೆನ್ಸ್ ಮತ್ತೆ ಅಲ್ಲೇ ಕೂಗುತ್ತಿರುತ್ತದೆ.

ಇ-ರಿಕ್ಷಾವನ್ನು ಹೊಗಳಿ ಅಟ್ಟಕ್ಕೇರಿಸುವ ಉದ್ದೇಶ ನನಗಿಲ್ಲ. ತಿರುವಿನಲ್ಲಿ ಅದು ವಾಲುತ್ತದೆ. ಚೌಕದ ನಟ್ಟನಡುವೆ ನಿಂತು ಜನರನ್ನು ಹತ್ತಿಸಿಕೊಳ್ಳುತ್ತದೆ. ನಮ್ಮ ಚಾಲಕನ ಪ್ರಕಾರ ಬ್ಯಾಟರಿ ಒಂದು ವರ್ಷ ಬಾಳಿದರೆ ಪುಣ್ಯ. ಹೊಸ ಸೆಟ್ಟಿಗೆ ಮತ್ತೆ ಸಾಲ. ಹಳೆಯ ಬ್ಯಾಟರಿ ಹಿತ್ತಿಲ ಕುಲುಮೆಗೆ ಹೋದರೆ ಸೀಸದ ವಿಷ ಯಾರೋ ಬಡವರ ಮಕ್ಕಳ ರಕ್ತಕ್ಕೆ. ಚಾರ್ಜ್ ಮಾಡುವ ವಿದ್ಯುತ್ತೂ ಬಹುಮಟ್ಟಿಗೆ ಕಲ್ಲಿದ್ದಲಿನದೇ. 2024ರಲ್ಲಿ ವಾರಾಣಸಿ ಪೊಲೀಸರು ಇವುಗಳನ್ನು ವಲಯಗಳಿಗೆ ಹಂಚಿ ಬಣ್ಣದ ಸ್ಟಿಕರ್ ಅಂಟಿಸಲು ಹೊರಟಾಗ ಚಾಲಕರು ಪ್ರತಿಭಟಿಸಿದರು. ಸಂಖ್ಯೆಗೆ ಮಿತಿ ಬೇಕು ಎನ್ನುವುದನ್ನು ನಾನು ಒಪ್ಪುತ್ತೇನೆ. ಆದರೆ ಮಿತಿ ರಿಕ್ಷಾಕ್ಕೆ ಮಾತ್ರ ಏಕೆ? ಲಂಕೆಗೆ ದಿನಕ್ಕೆ ಎಷ್ಟು ಕಾರು ಬರಬಹುದು ಎಂದು ಯಾರೂ ಸ್ಟಿಕರ್ ಅಂಟಿಸಲಿಲ್ಲ. ನಮ್ಮಲ್ಲಿ ಬಡವನ ವಾಹನ ದಟ್ಟಣೆ ಎನಿಸಿಕೊಳ್ಳುತ್ತದೆ, ಉಳ್ಳವನ ವಾಹನ ಸಂಚಾರ ಎನಿಸಿಕೊಳ್ಳುತ್ತದೆ.

ಬೆಂಗಳೂರಿನವರು ಇದನ್ನು ಓದಿ ದೂರದ ಕಾಶಿಯ ಕಥೆ ಅಂದುಕೊಳ್ಳಬಾರದು. 2016ರಲ್ಲಿ ಉಕ್ಕಿನ ಮೇಲ್ಸೇತುವೆ ಬೇಡ ಎಂದು ಬೀದಿಯಲ್ಲಿ ಕೈಕೈ ಹಿಡಿದು ನಿಂತವರು ನಾವು. ಮರುವರ್ಷ ಸರ್ಕಾರ ಅದನ್ನು ಕೈಬಿಟ್ಟಿತು. ಈಗ ಹೆಬ್ಬಾಳದಿಂದ ಸಿಲ್ಕ್ ಬೋರ್ಡಿಗೆ ನೆಲದಡಿಯಲ್ಲಿ ಸುರಂಗ ರಸ್ತೆಯ ಮಾತು. ಮೇಲೆ ಜಾಗವಿಲ್ಲದಿದ್ದರೆ ಕೆಳಗೆ, ಒಟ್ಟಿನಲ್ಲಿ ಕಾರಿಗೆ ಜಾಗ. ಆದರೆ ಮೆಟ್ರೊ ನಿಲ್ದಾಣದಿಂದ ಮನೆಗೆ ಹೋಗುವ ಕೊನೆಯ ಎರಡು ಕಿಲೋಮೀಟರಿಗೆ ನಿಧಾನದ, ಅಗ್ಗದ, ಹಂಚಿಕೊಂಡು ಕೂರುವ ವಾಹನ ಬೇಕು ಎಂದರೆ ಅದು ತಂತ್ರಜ್ಞಾನವೇ ಅಲ್ಲ ಎನ್ನುವಂತೆ ನೋಡುತ್ತೇವೆ. ರೇವಾ ಹುಟ್ಟಿದ ಊರಿನಲ್ಲಿ ಅಮ್ಮನ ಪ್ರಶ್ನೆಗೆ ಉತ್ತರ ಇಲ್ಲದೆ ಹೋದದ್ದು ಬ್ಯಾಟರಿಯ ಕೊರತೆಯಿಂದ ಅಲ್ಲ. 25 ಕಿಲೋಮೀಟರ್ ವೇಗವನ್ನು ನಾವು ಅವಮಾನ ಎಂದುಕೊಂಡಿದ್ದೇವೆ. ಹೊರವರ್ತುಲ ರಸ್ತೆಯಲ್ಲಿ ಸಂಜೆ ಆರಕ್ಕೆ ನಮ್ಮ ಕಾರಿನ ಮುಳ್ಳು ಎಲ್ಲಿರುತ್ತದೆ ಎಂದು ಒಮ್ಮೆ ನೋಡಿಕೊಳ್ಳಿ.

ಹೊರಡುವ ದಿನ ಅಮ್ಮನ ಟ್ರಂಕು, ಗಂಗಾಜಲದ ಕ್ಯಾನು, ನಾವಿಬ್ಬರು, ಆಸ್ಪತ್ರೆಯಿಂದ ಹೊರಟಿದ್ದ ಒಬ್ಬ ಅಜ್ಜ, ಅವರ ಮೊಮ್ಮಗಳು. ನಾಲ್ಕು ಜನಕ್ಕೆ ಸರಿಯಾಗಿ ತುಂಬಿತ್ತು. ಚೌಕದಲ್ಲಿ ಇನ್ನೊಬ್ಬ ಹುಡುಗ ಕೈ ಅಡ್ಡ ಹಿಡಿದ. ನಿಯಮ ಗೊತ್ತಿದ್ದ ನಾನು ಬೇಡ ಎನ್ನುವಷ್ಟರಲ್ಲಿ ಅಮ್ಮ ಟ್ರಂಕನ್ನು ಕಾಲ ಮೇಲಿಟ್ಟುಕೊಂಡು ಸರಿದು ಕೂತರು.