ಭಟ್ಟಿಯ ದಾರಿಯಲ್ಲಿ ಬೆಳೆಗಾರನಿಗೇನು ಕೆಲಸ?



ಈ ಸಲದ ಅಧ್ಯಯನ ಪ್ರವಾಸವನ್ನು ಗೋವೆಯ ಕುಂಕೋಳಿಯಲ್ಲಿರುವ ವಿಸ್ಕಿ ಕಾರ್ಖಾನೆಗೆ ಹಾಕಿಕೊಳ್ಳಬೇಕೆಂದು ನಮ್ಮ ಕೆಲವು ತರುಣ ಸದಸ್ಯರು ಸೂಚಿಸಿದ್ದಾರೆ. ಹಾವೇರಿ, ರಾಣೇಬೆನ್ನೂರು, ಬ್ಯಾಡಗಿ ಮೂರೂ ಕಡೆಯ ಸದಸ್ಯರಲ್ಲಿ ಈ ಬಗ್ಗೆ ಬಿಸಿ ಚರ್ಚೆ ನಡೆದಿದೆ. ಬೆಳೆಗಾರರ ಸಂಘವೇ ಸೆರೆಯ ದಾರಿ ತೋರಿಸುವುದೇ ಎಂದು ಹಿರಿಯರು ಕೇಳುತ್ತಿದ್ದಾರೆ. ಕಾರ್ಯದರ್ಶಿಯಾಗಿ ಅಲ್ಲ, ಒಬ್ಬ ಬೆಳೆಗಾರನಾಗಿ ನನ್ನ ಅಭಿಪ್ರಾಯವನ್ನು ತಮ್ಮ ಮುಂದಿಡುತ್ತಿದ್ದೇನೆ.

ಹಿರಿಯರ ಆಕ್ಷೇಪಣೆ ಸಣ್ಣದೇನಲ್ಲ. ಕುಡಿತದಿಂದ ಮನೆ ಹಾಳಾಗುವುದನ್ನು ನಾವು ಪುಸ್ತಕದಲ್ಲಿ ಓದಿ ತಿಳಿಯಬೇಕಾಗಿಲ್ಲ. ವಾರದ ಬಟವಾಡೆಯ ಹಣ ಮನೆ ಮುಟ್ಟದೆ ಕರಗಿಹೋದದ್ದನ್ನು ನಮ್ಮ ತೋಟಗಳ ಹೆಣ್ಣಾಳುಗಳು ಎಷ್ಟೋ ಸಲ ಹೇಳಿಕೊಂಡಿದ್ದಾರೆ. 2007ರ ಜುಲೈ 1ರಿಂದ ಕರ್ನಾಟಕದಲ್ಲಿ ಸಾರಾಯಿ ನಿಷೇಧವಾಯಿತು. ಕುಡಿತ ಮಾತ್ರ ಬೇರೆ ಬಾಟಲಿಗೆ ಬದಲಾಯಿತು. ಇದನ್ನು ಮರೆತು ಪ್ರವಾಸದ ಮಾತಾಡುವುದು ಸರಿಯಲ್ಲ. ಹಾಗೆಂದು ಮದ್ಯದವರನ್ನು ಕಂಡು ನಾವು ಮೂಗು ಮುರಿಯುವಂತೆಯೂ ಇಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು ಮದ್ಯವನ್ನು 1988ರಲ್ಲಿ ಕ್ಯಾನ್ಸರ್‌ಕಾರಕವೆಂದು ಹೆಸರಿಸಿದರೆ, 2004ರಲ್ಲಿ ನಮ್ಮ ಅಡಿಕೆಯನ್ನೂ ಅದೇ ಪಟ್ಟಿಗೆ ಸೇರಿಸಿತು. ಅಡಿಕೆ ಮಾರಿ ಮಕ್ಕಳನ್ನು ಓದಿಸಿದ ನಾವು ಈ ವಿಷಯದಲ್ಲಿ ಸ್ವಲ್ಪ ವಿನಯದಿಂದ ಇರುವುದು ಲೇಸು.

ಇನ್ನು ಅಲ್ಲಿ ನೋಡುವುದೇನಿದೆ? ಬಾರ್ಲಿ ಎಂಬುದು ಜವೆಗೋಧಿ. ಅದನ್ನು ನೆನೆಸಿ, ಮೊಳಕೆ ಬರಿಸಿ, ಒಣಗಿಸಿ, ಒಡೆದು, ಬಿಸಿನೀರಿನಲ್ಲಿ ಸಿಹಿ ತೆಗೆದು, ಹುಳಿಸಿ, ತಾಮ್ರದ ಹಂಡೆಗಳಲ್ಲಿ ಭಟ್ಟಿ ಇಳಿಸುತ್ತಾರೆ. ಕಾಫಿ ಹಣ್ಣಿನ ಸಿಪ್ಪೆ ಬಿಡಿಸಿ ಹುಳಿಯಲು ಇಡುವವರಿಗೆ, ಅಡಿಕೆ ಬೇಯಿಸಿ ಚೊಗರು ಹಾಕಿ ಒಣಗಿಸುವವರಿಗೆ ಇದರಲ್ಲಿ ಬೆರಗಾಗುವಂಥದ್ದೇನೂ ಇಲ್ಲ. ಇಳಿದ ದ್ರವ ನೀರಿನಂತೆ ಬಣ್ಣವಿಲ್ಲದ್ದು. ಅದನ್ನು ಓಕ್ ಮರದ ಪೀಪಾಯಿಗೆ ತುಂಬಿ ಉಗ್ರಾಣದಲ್ಲಿ ವರ್ಷಗಟ್ಟಲೆ ಇಟ್ಟ ಮೇಲೆಯೇ ಬಣ್ಣ, ರುಚಿ, ಬೆಲೆ ಮೂರೂ ಬರುತ್ತವೆ. ಸ್ಕಾಟ್ಲೆಂಡಿನ ಕಾನೂನಿನ ಪ್ರಕಾರ ಕನಿಷ್ಠ 3 ವರ್ಷ ಪೀಪಾಯಿಯಲ್ಲಿರದಿದ್ದರೆ ಅದಕ್ಕೆ ಸ್ಕಾಚ್ ಎಂಬ ಹೆಸರಿಲ್ಲ. ಅಲ್ಲಿ ಇದನ್ನು ನೋಡಲೆಂದೇ ಜನ ದುಡ್ಡು ಕೊಟ್ಟು ಹೋಗುತ್ತಾರೆ. 2019ರಲ್ಲಿ ಆ ಭಟ್ಟಿಗಳಿಗೆ ಬಂದ ಭೇಟಿಗಳು 20 ಲಕ್ಷ ಮೀರಿದ್ದವು.

ನಮ್ಮ ನಾಡಿನ ಉದಾಹರಣೆಯೂ ಇದೆ. 1948ರಲ್ಲಿ ಬೆಂಗಳೂರಿನಲ್ಲಿ ಜೆ.ಎನ್. ರಾಧಾಕೃಷ್ಣ ಜಗದಾಳೆಯವರು ಆರಂಭಿಸಿದ ಅಮೃತ್ ಸಂಸ್ಥೆಯು 2004ರಲ್ಲಿ ತನ್ನ ಸಿಂಗಲ್ ಮಾಲ್ಟನ್ನು ಮೊದಲು ಬಿಡುಗಡೆ ಮಾಡಿದ್ದು ಸ್ಕಾಟ್ಲೆಂಡಿನ ಗ್ಲಾಸ್ಗೋದಲ್ಲಿಯೇ. ಬೆಂಗಳೂರಿನ ಸೆಕೆಗೆ ಪೀಪಾಯಿಯಿಂದ ವರ್ಷಕ್ಕೆ ನೂರಕ್ಕೆ 10ರಿಂದ 12 ಪಾಲು ಆವಿಯಾಗಿ ಹೋಗುತ್ತದೆ. ಸ್ಕಾಟ್ಲೆಂಡಿನಲ್ಲಿ ಹೋಗುವುದು ಸುಮಾರು 2 ಪಾಲು. ಆದರೆ ಅದೇ ಸೆಕೆಯಿಂದ ಮಾಲು ಬೇಗ ಪಕ್ವವಾಗುತ್ತದೆ. ಜವೆ ಬರುವುದು ಉತ್ತರ ಭಾರತದಿಂದ. ಹೆಸರು ಬಂದದ್ದು ಬೆಂಗಳೂರಿಗೆ. ಕುಂಕೋಳಿಯ ಪಾಲ್ ಜಾನ್ ವಿಸ್ಕಿಯನ್ನು ಮಾಡುವ ಸಂಸ್ಥೆಯೂ ಮೂಲತಃ ಬೆಂಗಳೂರಿನದೇ.

ಈಗ ಬ್ಯಾಡಗಿಯ ಕಡೆ ನೋಡೋಣ. ಬಳ್ಳಾರಿ, ರಾಯಚೂರು, ಆಂಧ್ರದ ಕಡೆಯಿಂದಲೂ ಮೆಣಸಿನಕಾಯಿ ಬಂದು ಬೀಳುವ ಪೇಟೆ ಅದು. ಬ್ಯಾಡಗಿ ಮೆಣಸಿನಕಾಯಿಗೆ 2011ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆಯೂ ಸಿಕ್ಕಿತು. ಅದರ ಬಣ್ಣ ತುಟಿರಂಗಿನವರೆಗೆ ಹೋಗುತ್ತದೆ. ಆದರೂ 2024ರ ಮಾರ್ಚಿನಲ್ಲಿ ದರ ಕುಸಿದಾಗ ಅದೇ ಪ್ರಾಂಗಣದಲ್ಲಿ ವಾಹನಗಳಿಗೆ ಬೆಂಕಿ ಬಿತ್ತು. ಹೆಸರಿತ್ತು, ಮಾಲಿತ್ತು, ಗುಣವಿತ್ತು. ರೈತನಿಗೆ ಕಾಯುವ ಶಕ್ತಿ ಇರಲಿಲ್ಲ.

ನನ್ನ ಮಾತಿನ ತಿರುಳು ಇಷ್ಟೇ. ಭಟ್ಟಿಯವನು ನಾಲ್ಕೈದು ವರ್ಷ ಮಾಲನ್ನು ಕೂಡಿಟ್ಟು, ಅದರಲ್ಲಿ ಒಂದು ಪಾಲು ಗಾಳಿಗೆ ಹೋದರೂ ಕಾಯುತ್ತಾನೆ. ಎರಡೆಕರೆ ಅಡಿಕೆಯವನು ನಾಲ್ಕು ವಾರ ಕಾಯಲಾರ. ಮಗಳ ಮದುವೆ, ಗೊಬ್ಬರದ ಸಾಲ, ಆಳಿನ ಕೂಲಿ ಎಂದು ಅಡತಿ ಅಂಗಡಿಯವನು ಹೇಳಿದ ದರಕ್ಕೆ ಚೀಲ ಇಳಿಸಿ ಬರುತ್ತಾನೆ. ಕಾಯುವ ಶಕ್ತಿಯನ್ನು ಸಣ್ಣ ಬೆಳೆಗಾರನಿಗೆ ಒದಗಿಸಬಲ್ಲದ್ದು ಸಹಕಾರ ಸಂಘ ಒಂದೇ: ಒಣ ಉಗ್ರಾಣ, ಸರಿಯಾದ ತೂಕ, ಮಾಲಿನ ಮೇಲೆ ಅಡವು ಸಾಲ. ಆದ್ದರಿಂದ ನಮ್ಮವರು ಅಲ್ಲಿ ನೋಡಬೇಕಾದದ್ದು ರುಚಿ ತೋರಿಸುವ ಕೊಠಡಿಯನ್ನಲ್ಲ, ಪೀಪಾಯಿಯ ಉಗ್ರಾಣವನ್ನು. ಆ ಕಾಯುವಿಕೆಗೆ ಬಂಡವಾಳ ಎಲ್ಲಿಂದ, ಬಡ್ಡಿ ಎಷ್ಟು, ನಷ್ಟವನ್ನು ಹೇಗೆ ಲೆಕ್ಕ ಹಾಕುತ್ತಾರೆ ಎಂದು ಕೇಳಿ ಬರೆದುಕೊಂಡು ಬರಬೇಕು.

ಹೀಗಾಗಿ ಪ್ರವಾಸ ನಡೆಯಲಿ ಎಂಬುದೇ ನನ್ನ ಅಭಿಮತ. ಆದರೆ ಮೂರು ಕರಾರುಗಳ ಮೇಲೆ. ಒಂದು, ಖರ್ಚು ಹೋಗುವವರದೇ. ಸಂಘದ ನಿಧಿಯ ಒಂದು ಪೈಸೆಯೂ ಬೇಡ. ಎರಡು, ದಾರಿ ಬ್ಯಾಡಗಿಯ ಪ್ರಾಂಗಣದಿಂದ ಆರಂಭವಾಗಿ ಹಾವೇರಿ, ಹಾನಗಲ್ಲ, ಶಿರಸಿ, ಕುಮಟಾ, ಕಾರವಾರದ ಮೇಲೆ ಸಾಗಲಿ. ಶಿರಸಿ ಅಡಿಕೆಗೆ 2019ರಲ್ಲಿ ಭೌಗೋಳಿಕ ಸೂಚಕ ದೊರೆತ ಮೇಲೆ ಬೆಳೆಗಾರನಿಗೆ ಆದ ಲಾಭವೇನೆಂದು ಅಲ್ಲಿಯ ಸಹಕಾರಿಗಳನ್ನು ಕೇಳೋಣ. ಮೂರು, ಬಸ್ಸಿನಲ್ಲಿ ಬಾಟಲಿ ಬರಕೂಡದು. ಮಾಜಾಳಿಯ ತನಿಖಾ ಠಾಣೆಯಲ್ಲಿ ಬೆಳೆಗಾರರ ಸಂಘದ ಫಲಕ ಹೊತ್ತ ಬಸ್ಸು ನಿಲ್ಲುವ ಪ್ರಸಂಗ ಯಾರಿಗೂ ಬೇಡ. ಮಹಿಳಾ ಸದಸ್ಯರೂ ಹೊರಡಲಿ; ಅವರು ಜೊತೆಗಿದ್ದರೆ ಮೂರನೆಯ ಕರಾರು ತಾನಾಗಿಯೇ ಪಾಲನೆಯಾಗುತ್ತದೆ.

ಹೋಗಿ ಬಂದವರು ಸರ್ವಸಾಧಾರಣ ಸಭೆಯ ಮುಂದೆ ಲಿಖಿತ ವರದಿ ಇಡಲಿ. ಅದರಲ್ಲಿ ವಿಸ್ಕಿಯ ರುಚಿಯ ವರ್ಣನೆ ಇದ್ದರೆ ಹರಿದು ಹಾಕೋಣ. ಉಗ್ರಾಣದ ಲೆಕ್ಕವಿದ್ದರೆ, ನಮ್ಮ ಸಂಘದ ಉಗ್ರಾಣದ ಮಾತನ್ನು ಅಂದೇ ಕೈಗೆತ್ತಿಕೊಳ್ಳೋಣ.